ಹಲ್ಲು ಕೀಳುವ ಮುನ್ನ ಒಂದು ರೆಕಾರ್ಡಿಂಗು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿ ದುಡಿದು ನಿವೃತ್ತನಾದವನನ್ನು ಜನ ತಕ್ಕಡಿ ಎಂದು ಕರೆದರೆ ತಪ್ಪೇನೂ ಇಲ್ಲ. ಆದರೆ ಆ ಹೆಸರು ಅವನಿಗೆ ನೌಕರಿಯಿಂದ ಬಂದದ್ದಲ್ಲ, ಹೆಂಡತಿಯಿಂದ ಬಂದದ್ದು. ಮದುವೆಯಾದ ಹೊಸತರಲ್ಲಿ ಇಬ್ಬರೂ ಒಂದು ಕೊಡೆ ಕೊಳ್ಳಲು ಹೋಗಿದ್ದರು. ಕಪ್ಪು ಕೊಡೆಯೋ ನೀಲಿ ಕೊಡೆಯೋ ಎಂದು ಇವನು ಅಂಗಡಿಯ ಮುಂದೆ ತೂಗಿ ನೋಡುತ್ತ ನಿಂತದ್ದು ಎಷ್ಟು ಹೊತ್ತೆಂದರೆ, ಅಷ್ಟರಲ್ಲಿ ಮಳೆ ಬಂದು, ನಿಂತು, ಬಿಸಿಲೂ ಬಂತು. "ನಾನು ಗಂಡನ್ನ ಕಟ್ಕೊಂಡಿದ್ದೀನೋ ತಕ್ಕಡೀನ ಕಟ್ಕೊಂಡಿದ್ದೀನೋ" ಎಂದು ಆಕೆ ಒದ್ದೆ ತಲೆ ಒರೆಸಿಕೊಳ್ಳುತ್ತ ಅಂದದ್ದು ಅಂಗಡಿಯವನಿಗೆ ಕೇಳಿಸಿತು. ಅಂಗಡಿಯವನಿಗೆ ಕೇಳಿಸಿದ್ದು ಊರಿಗೆ ಕೇಳಿಸದೆ ಇರುತ್ತದೆಯೇ? ಕೊಡೆ ಮಾತ್ರ ಅವರು ಅಂದು ಕೊಳ್ಳಲಿಲ್ಲ.

ಇಂಥ ಮನುಷ್ಯನೂ ವಾರಕ್ಕೊಂದು ದಿನ ಯಾವ ಅನುಮಾನವೂ ಇಲ್ಲದೆ ಬದುಕುತ್ತಿದ್ದ. ಅದು ಭಾನುವಾರ ಮಧ್ಯಾಹ್ನ, ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಲ್ಲಿ ದರ್ಜಿ ಮ್ಯಾಂಡೊಲಿನ್ ನುಡಿಸುತ್ತಿದ್ದ. ಹಲ್ಲಿನ ಡಾಕ್ಟರು ಪಿಟೀಲು ನುಡಿಸುತ್ತಿದ್ದರು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಾರಣಕ್ಕೆ ಮೊಳೆಯಣ್ಣ ಎಂದೇ ಹೆಸರಾದವನು ಕೊಳಲು ಊದುತ್ತಿದ್ದ. ತಕ್ಕಡಿ ಒಂದು ಪುಟ್ಟ ಡೋಲು ಬಾರಿಸುತ್ತಿದ್ದ. ಎಡಗೈ ಬಲಗೈ ಎರಡಕ್ಕೂ ಸಮನಾಗಿ ಕೆಲಸ ಕೊಡುವ ವಾದ್ಯ ಅದೊಂದೇ ಎಂಬ ಕಾರಣಕ್ಕೆ ಅವನು ಅದನ್ನು ಆರಿಸಿಕೊಂಡಿದ್ದ.

ಇಪ್ಪತ್ತೆಂಟು ವರ್ಷ ಹೀಗೆ ನಡೆಯಿತು. ಅವರು ಎಲ್ಲೂ ಹೋಗಿ ವೇದಿಕೆ ಹತ್ತಲಿಲ್ಲ. ಕೇಳುವವಳು ಮಹಡಿಯ ಮೇಲಿದ್ದ ದರ್ಜಿಯ ಅಕ್ಕ ಒಬ್ಬಳೇ, ಅವಳೂ ಬೇರೆ ದಾರಿಯಿಲ್ಲದೆ. ನುಡಿಸುತ್ತಿದ್ದದ್ದರಲ್ಲಿ ಒಂದು ಮಾತ್ರ ಅವರದೇ ಸ್ವಂತದ್ದು. ಅಚ್ಚುಕೂಟ ಮುಚ್ಚಿದ ದಿನ ಮೊಳೆಯಣ್ಣ ಜೇಬಿನಲ್ಲಿ ಒಂದು ಹಿಡಿ ಸೀಸದ ಮೊಳೆ ತುಂಬಿಕೊಂಡು ನೇರ ಇಲ್ಲಿಗೆ ಬಂದು, ಕೊಳಲು ತೆಗೆದು ಒಂದು ಧಾಟಿ ಊದಿದ್ದ. ಉಳಿದ ಮೂವರು ಮೆಲ್ಲಗೆ ಹಿಂದೆ ಸೇರಿಕೊಂಡಿದ್ದರು. ಅದಕ್ಕೆ ಹೆಸರಿಡುವ ಕೆಲಸ ತಕ್ಕಡಿಯ ಪಾಲಿಗೆ ಬಂದಿತ್ತು. ಹಾಗಾಗಿ ಅದಕ್ಕೆ ಇನ್ನೂ ಹೆಸರಿರಲಿಲ್ಲ. "ನಮ್ದು ನುಡ್ಸೋಣ" ಎಂದರೆ ನಾಲ್ವರಿಗೂ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಡಾಕ್ಟರು ಪಿಟೀಲು ಪೆಟ್ಟಿಗೆಯಿಂದ ತೆಗೆಯದೆ ಮೊಳೆಯಣ್ಣನ ಕಡೆ ತಿರುಗಿ ಕೂತರು.

"ಅಣ್ಣಾ, ಇನ್ನು ಮುಂದಕ್ಕೆ ಹಾಕೋಕಾಗಲ್ಲ. ಎರಡು ಸಲ ಹಾಕಿದ್ದೀನಿ. ಮೇಲಿನ ಮುಂದಿನ ನಾಲ್ಕು ಹಲ್ಲೂ ಹೋಗ್ಬೇಕು. ಬರೋ ತಿಂಗಳ ಮೊದಲನೇ ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ."

"ಕಟ್ಟಿಸಿದ ಹಲ್ಲು ಹಾಕ್ಕೊಂಡು ಕೊಳಲು ಊದ್ಬಹುದಾ?" ಎಂದು ಮೊಳೆಯಣ್ಣ ಕೇಳಿದ.

"ಊದ್ಬಹುದು. ಅದು ಕೊಳಲಿನ ಥರ ಕೇಳ್ಸುತ್ತೋ ಕುಕ್ಕರಿನ ಥರ ಕೇಳ್ಸುತ್ತೋ ಹೇಳೋಕಾಗಲ್ಲ."

ಮೊಳೆಯಣ್ಣ ಕೊಳಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ತೂತುಗಳನ್ನು ಒಂದೊಂದಾಗಿ ಮುಟ್ಟುತ್ತ ಕೂತ. ಅದನ್ನು ನೋಡಲಾರದೆ ತಕ್ಕಡಿಯ ಬಾಯಿಂದ ಒಂದು ಮಾತು ಹೊರಬಿತ್ತು.

"ಅಷ್ಟರೊಳಗೆ ನಮ್ದನ್ನ ರೆಕಾರ್ಡ್ ಮಾಡ್ಕೊಂಡ್ರಾಯ್ತು. ಯಂತ್ರದ ವಿಷಯ ನನಗೆ ಬಿಡಿ."

"ನನ್ನ ಫೋನಲ್ಲೇ ಮಾಡ್ಬಹುದಲ್ಲ?" ಎಂದರು ಡಾಕ್ಟರು.

ಫೋನಿನಲ್ಲಿ ಹಿಂದೊಮ್ಮೆ ಮಾಡಿದ್ದರು. ಅದರಲ್ಲಿ ಡೋಲೊಂದೇ ಕೇಳಿಸುತ್ತಿತ್ತು. ಹಿಂದೆ ಎಲ್ಲೋ ಒಂದು ಸೊಳ್ಳೆ ಹಾರಾಡಿದಂತಿದ್ದದ್ದು ಮೊಳೆಯಣ್ಣನ ಕೊಳಲು. "ಫೋನು ಮಾತಾಡೋಕೆ. ಇದಕ್ಕೆ ಬೇರೆ ಯಂತ್ರಾನೇ ಇದೆ, ಪ್ರತಿ ವಾದ್ಯಕ್ಕೂ ಬೇರೆ ಬೇರೆ ಟ್ರ್ಯಾಕು. ಕೈಯಲ್ಲಿ ಹಿಡ್ಕೊಂಡು ಹೋಗ್ಬಹುದು" ಎಂದು ತಕ್ಕಡಿ ತಾನು ಅದನ್ನು ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲವನಂತೆ ಹೇಳಿದ. ನಿಜ ಹೇಳಬೇಕೆಂದರೆ ಹಿಂದಿನ ದಿನ ಕ್ಷೌರದಂಗಡಿಯ ಹಳೆಯ ಪತ್ರಿಕೆಯಲ್ಲಿ ಅದರ ಜಾಹೀರಾತು ಓದಿದ್ದ, ಅದೂ ಅರ್ಧ. ಇನ್ನರ್ಧ ಹರಿದುಹೋಗಿತ್ತು.

ಮಾರನೆಯ ದಿನ ಅವನು ಮೈಕಿನಂಗಡಿಗೆ ಹೋದ. ಅಂಗಡಿಯವನು ಉತ್ಸಾಹದಿಂದ ಮೂರು ರೆಕಾರ್ಡರುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ಪಾಪ, ಮುಂದೇನು ಕಾದಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಇದು ಚಿಕ್ಕದು ಸಾರ್, ಎರಡೇ ಟ್ರ್ಯಾಕು, ಮೈಕು ಇದರ ತಲೆ ಮೇಲೇ ಇದೆ. ಇದು ನಡುವಿನದು, ನಾಲ್ಕು ಮೈಕು ಚುಚ್ಚಬಹುದು, ನಾಲ್ಕೂ ಬೇರೆ ಬೇರೆ ಟ್ರ್ಯಾಕಿಗೆ ಹೋಗುತ್ತೆ. ಇದು ದೊಡ್ಡದು, ಎಂಟು ಟ್ರ್ಯಾಕು, ಆದ್ರೆ ಬ್ಯಾಟರಿ ತಿನ್ನುತ್ತೆ."

ತಕ್ಕಡಿ ಜೇಬಿನಿಂದ ತನ್ನ ಹಳೆಯ ಸ್ಪ್ರಿಂಗ್ ತಕ್ಕಡಿ ತೆಗೆದ. ಮೂರನ್ನೂ ಒಂದೊಂದಾಗಿ ಕೊಕ್ಕೆಗೆ ತೂಗುಹಾಕಿ, ಮುಳ್ಳು ನಿಲ್ಲುವವರೆಗೆ ಕಾದು, ತೂಕ ಬರೆದುಕೊಂಡ.

"ಸಾರ್, ಇದನ್ನ ಯಾರೂ ತೂಕ ಮಾಡಿ ತಗೊಳಲ್ಲ."

"ಅದಕ್ಕೇ ಎಲ್ರೂ ಮೋಸ ಹೋಗೋದು. ಬೇರೆ ಬೇರೆ ಟ್ರ್ಯಾಕು ಅಂದ್ರಲ್ಲ, ಅದರಿಂದ ಪ್ರಯೋಜನ ಏನು?"

"ಒಬ್ರು ತಪ್ಪಿದ್ರೆ ಅವರದ್ದನ್ನ ಮಾತ್ರ ಅಳ್ಸಿ ಮತ್ತೆ ನುಡಿಸ್ಬಹುದು ಸಾರ್. ಉಳಿದವರದ್ದು ಹಾಗೇ ಇರುತ್ತೆ. ಅದನ್ನ ಕಿವೀಲಿ ಕೇಳ್ತಾ ಕೇಳ್ತಾ ಇವರು ಸೇರಿಸ್ಬಹುದು. ಒಂದರದ್ದು ಇನ್ನೊಂದಕ್ಕೆ ತಾಗದ ಹಾಗೆ ಮಾತ್ರ ನೋಡ್ಕೋಬೇಕು."

"ನಮ್ಮಲ್ಲಿ ತಪ್ಪೋರು ಯಾರೂ ಇಲ್ಲ" ಎಂದು ತಕ್ಕಡಿ ಗಂಭೀರವಾಗಿ ಹೇಳಿ, 'ಒಂದರದ್ದು ಇನ್ನೊಂದಕ್ಕೆ ತಾಗಬಾರದು' ಎಂಬುದನ್ನಷ್ಟೇ ಬರೆದುಕೊಂಡ. ಓದುಗರು ಈ ಜಾಗವನ್ನು ನೆನಪಿಟ್ಟುಕೊಳ್ಳಬೇಕು. ಬರೆದುಕೊಳ್ಳಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಬರೆದುಕೊಳ್ಳುವುದು ಮೂವತ್ತೊಂದು ವರ್ಷದ ಸರ್ಕಾರಿ ನೌಕರಿಯ ಫಲ.

ಮೂರು ವಾರದಲ್ಲಿ ಅವನು ಹನ್ನೊಂದು ಸಲ ಆ ಅಂಗಡಿಗೆ ಹೋದ. ಪ್ರತಿಸಲವೂ ಮೂರು ಯಂತ್ರಗಳ ಎದುರು "ಒಂದು, ಎರಡು, ಮೂರು" ಎಂದು ಹೇಳಿ ರೆಕಾರ್ಡ್ ಮಾಡಿಸಿ, ಕೇಳಿ, "ಈಗ ಅಳ್ಸಿ, ಪರೀಕ್ಷೆ ಆದ್ಮೇಲೆ ಸೊನ್ನೆಗೆ ಬರ್ಬೇಕು" ಎಂದು ಖಾಲಿ ಮಾಡಿಸಿದ. ಏಳನೆಯ ಸಲದಿಂದ ಅಂಗಡಿಯವನು ಇವನು ತಿರುವಿನಲ್ಲಿ ಕಂಡೊಡನೆ ಊಟಕ್ಕೆ ಹೋಗತೊಡಗಿದ, ಅದು ಬೆಳಗಿನ ಹತ್ತು ಗಂಟೆಯಾಗಿದ್ದರೂ ಸರಿ. ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ತಕ್ಕಡಿ ಮೂರು ಯಂತ್ರಗಳಿಗೂ ಅಂಕ ಹಾಕಿದ. ತೂಕಕ್ಕೆ ಇಷ್ಟು, ಬ್ಯಾಟರಿಗೆ ಇಷ್ಟು, ಗುಂಡಿಗಳ ಗಾತ್ರಕ್ಕೆ ಇಷ್ಟು. ಕೂಡಿಸಿದರೆ ಮೂರಕ್ಕೂ ಅರವತ್ತೊಂದು ಬಂತು. ಬೇರೆ ರೀತಿ ಹಾಕಿದ. ಮೂರಕ್ಕೂ ಐವತ್ತೆಂಟು ಬಂತು.

ಮೊದಲನೇ ಗುರುವಾರಕ್ಕೆ ಎರಡು ದಿನ ಉಳಿದಾಗ ಹೆಂಡತಿ ಹಾಳೆಯ ಮುಂದೆ ನಿಂತು ಸೌಟು ತೋರಿಸಿ ಕೇಳಿದಳು.

"ನುಡ್ಸೋರು ಎಷ್ಟು ಜನ?"

"ನಾಲ್ಕು."

"ನಾಲ್ಕು ತೂತಿರೋದು ಯಾವುದು?"

"ನಡುವಿನದು."

"ಅದನ್ನ ತಗೊಂಬನ್ನಿ. ಬರ್ತಾ ಉಪ್ಪು ತನ್ನಿ."

ತಕ್ಕಡಿ ಚೀಲ ಕೈಗೆತ್ತಿಕೊಳ್ಳುತ್ತ, "ನಾನೂ ಕೊನೆಗೆ ಅಲ್ಲಿಗೇ ಬರ್ತಿದ್ದೆ" ಎಂದ. ಅಂಗಡಿಯವನು ಸಂತೋಷದ ಭರದಲ್ಲಿ ನಾಲ್ಕು ಮೈಕುಗಳನ್ನೂ ಉದ್ದುದ್ದ ವೈರುಗಳನ್ನೂ ಎರಡು ದಿನದ ಮಟ್ಟಿಗೆ ಸುಮ್ಮನೆ ಕೊಟ್ಟು ಕಳಿಸಿದ. ಉಪ್ಪು ಮರೆತುಹೋಯಿತು.

ಬುಧವಾರ ಮಧ್ಯಾಹ್ನ, ಅಂಗಡಿಗೆ ಹೊಂದಿಕೊಂಡೇ ಇದ್ದ ದರ್ಜಿಯ ಮನೆಯಲ್ಲಿ ತಕ್ಕಡಿ ತನ್ನ ಚೀಟಿ ತೆಗೆದು ಓದಿದ. "ಒಂದರದ್ದು ಇನ್ನೊಂದಕ್ಕೆ ತಾಗಬಾರದು. ಅಂದ್ರೆ ನಾಲ್ಕು ಜನ ನಾಲ್ಕು ಕಡೆ ಕೂರ್ಬೇಕು."

"ಇಪ್ಪತ್ತೆಂಟು ವರ್ಷ ಮೊಣಕಾಲಿಗೆ ಮೊಣಕಾಲು ತಾಗ್ಸಿ ಕೂತಿದ್ದೀವಿ" ಎಂದ ದರ್ಜಿ.

"ತಂತ್ರಜ್ಞಾನ" ಎಂದ ತಕ್ಕಡಿ. ಆ ಶಬ್ದಕ್ಕೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ.

ದರ್ಜಿ ಅಂಗಡಿಯಲ್ಲಿ, ತೂಗುಹಾಕಿದ ಅರ್ಧ ಹೊಲಿದ ಕೋಟುಗಳ ನಡುವೆ ಕೂತ. ಡಾಕ್ಟರು ಅಡುಗೆಮನೆಯಲ್ಲಿ ಪಾತ್ರೆಗಳ ಪಕ್ಕ ನಿಂತರು. ಮೊಳೆಯಣ್ಣನಿಗೆ ಉಳಿದದ್ದು ಬಚ್ಚಲುಮನೆ. ಅವನು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ತಕ್ಕಡಿ ನಡುವಿನ ಕೋಣೆಯಲ್ಲಿ ಡೋಲು ಮತ್ತು ಯಂತ್ರದೊಂದಿಗೆ ಕೂತ. ಕೂತ ಮೇಲೆ ಗೊತ್ತಾದದ್ದು ಏನೆಂದರೆ, ಯಾರಿಗೂ ಯಾರೂ ಕಾಣುತ್ತಿಲ್ಲ, ಸರಿಯಾಗಿ ಕೇಳಿಸುವುದೂ ಇಲ್ಲ. ಇನ್ನು ತಾಳ ಹೇಗೆ?

ಇದಕ್ಕೆ ದರ್ಜಿ ಉಪಾಯ ಹೂಡಿದ. ಕೋಟಿನ ಗುಂಡಿ ಹೊಲಿಯುವ ಗಟ್ಟಿ ದಾರವನ್ನು ತಕ್ಕಡಿಯ ಕಾಲ ಹೆಬ್ಬೆರಳಿಗೆ ಮೂರು ಎಳೆ ಕಟ್ಟಿ, ಒಂದೊಂದರ ಇನ್ನೊಂದು ತುದಿಯನ್ನು ಒಬ್ಬೊಬ್ಬರ ಹೆಬ್ಬೆರಳಿಗೆ ಕಟ್ಟಿದ. ತಕ್ಕಡಿ ತಾಳಕ್ಕೆ ಸರಿಯಾಗಿ ಕಾಲು ಜಗ್ಗಿದರೆ ಮೂವರಿಗೂ ತಿಳಿಯುತ್ತಿತ್ತು. ವಿಜ್ಞಾನ ಎಲ್ಲಿ ಸೋಲುತ್ತದೋ ಅಲ್ಲಿಂದ ಹೊಲಿಗೆ ಶುರುವಾಗುತ್ತದೆ.

ಇದೇ ಹೊತ್ತಿಗೆ ಕೆನ್ನೆ ಊದಿದ ಒಬ್ಬ ಬೇಕರಿಯವನು ಡಾಕ್ಟರನ್ನು ಹುಡುಕಿಕೊಂಡು ಬಂದ. ಡಾಕ್ಟರು ತಮ್ಮ ಕ್ಲಿನಿಕ್ಕಿನ ಬಾಗಿಲಿಗೆ 'ತುರ್ತಿದ್ದರೆ ದರ್ಜಿಯ ಮನೆ' ಎಂದು ಚೀಟಿ ಅಂಟಿಸಿ ಬಂದಿದ್ದರು. ಅವನು ಹಿತ್ತಿಲ ಬಾಗಿಲಿನಿಂದ ಇಣುಕಿದಾಗ ಕಂಡದ್ದು ಇಷ್ಟು: ನೆಲದ ಮೇಲೆ ಬಿಗಿಯಾಗಿ ಎಳೆದ ದಾರ. ಆ ದಾರ ಅರ್ಧ ಮುಚ್ಚಿದ ಬಚ್ಚಲುಮನೆ ಬಾಗಿಲೊಳಗೆ ಹೋಗಿದೆ. ಈ ಕಡೆಯಿಂದ ಯಾರೋ ದಾರ ಜಗ್ಗಿದರು. ಒಳಗಿನಿಂದ "ಅಯ್ಯೋ, ಮೆಲ್ಲಗೆ ಎಳಿಯೋ, ಕಿತ್ತು ಬರುತ್ತೆ!" ಎಂಬ ಕೂಗು ಬಂತು. ಬೆನ್ನಿಗೇ ಒಂದು ದೀರ್ಘವಾದ, ಕರುಳು ಹಿಂಡುವ ಧ್ವನಿ. ಡಾಕ್ಟರು ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತ ನಿಂತಿದ್ದಾರೆ.

ಬೇಕರಿಯವನು ಕೆನ್ನೆ ಹಿಡಿದುಕೊಂಡು ಓಡಿದ.

"ಡಾಕ್ಟ್ರು ದರ್ಜಿ ಮನೆ ಬಚ್ಚಲಲ್ಲಿ ದಾರ ಕಟ್ಟಿ ಹಲ್ಲು ಕೀಳ್ತಿದ್ದಾರೆ!" ಎಂದು ಅವನು ಕ್ಷೌರದಂಗಡಿಯಲ್ಲಿ ಹೇಳಿದ. ಕ್ಷೌರದಂಗಡಿ ದಾಟುವಷ್ಟರಲ್ಲಿ ಒಂದು ಹಲ್ಲು ಆರಾಯಿತು. ಬೀದಿಯ ಕೊನೆ ತಲುಪುವಷ್ಟರಲ್ಲಿ ರೋಗಿಗೆ ಪ್ರಜ್ಞೆ ತಪ್ಪಿತ್ತು. ಆರೋಗ್ಯಾಧಿಕಾರಿಗಳು ಪಕ್ಕದ ಬೀದಿಯಲ್ಲಿ ಚರಂಡಿ ಪರೀಕ್ಷಿಸುತ್ತಿದ್ದವರು ಕಡತ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಅವರ ಹಿಂದೆ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡ ಗಿರಾಕಿಗಳು, ಕತ್ತರಿ ಹಿಡಿದ ಕ್ಷೌರಿಕ, ಎಲ್ಲರಿಗಿಂತ ಮುಂದೆ ಮಹಡಿಯಿಂದ ಇಳಿದು ಬಂದ ದರ್ಜಿಯ ಅಕ್ಕ. "ನನ್ನ ಬಚ್ಚಲು ತೊಳ್ದು ಇನ್ನೂ ಒಂದು ಗಂಟೆ ಆಗಿಲ್ಲ!" ಎಂಬುದು ಅವಳ ದುಃಖ.

ಒಳಗೆ ಅಷ್ಟು ಹೊತ್ತಿಗೆ 'ನಮ್ದು' ಶುರುವಾಗಿತ್ತು.

ಗುಂಪು ನಡುಮನೆಗೆ ನುಗ್ಗಿದ್ದೇ ನಿಂತುಬಿಟ್ಟಿತು. ಒಂದು ಕಡೆಯಿಂದ ಮ್ಯಾಂಡೊಲಿನ್, ಇನ್ನೊಂದು ಕಡೆಯಿಂದ ಪಿಟೀಲು, ಇವೆರಡರ ಮೇಲೆ ಬಚ್ಚಲುಮನೆಯ ಗೋಡೆಗಳಿಗೆ ತಾಗಿ ತುಂಬಿಕೊಂಡು ಬರುವ ಕೊಳಲು. ಮೊಳೆಯಣ್ಣ ಅಂದು ಊದಿದಂತೆ ಎಂದೂ ಊದಿರಲಿಲ್ಲ. ನಾಳೆ ಒಂಬತ್ತು ಗಂಟೆಯ ನಂತರ ಇದು ಇರುವುದಿಲ್ಲ ಎಂದು ಗೊತ್ತಿದ್ದು ಊದುವವನ ಉಸಿರು ಅದು. ಮುಚ್ಚಿದ ಅಚ್ಚುಕೂಟ, ಸೀಸದ ವಾಸನೆ, ತೀರಿಹೋದ ಭಾನುವಾರಗಳೆಲ್ಲ ತಕ್ಕಡಿಯ ಕಣ್ಣ ಮುಂದೆ ಬಂದವು. ಆದರೂ ಅವನ ಕೈ ತಪ್ಪಲಿಲ್ಲ, ಕಾಲ ಬೆರಳೂ ತಪ್ಪಲಿಲ್ಲ. ಆರೋಗ್ಯಾಧಿಕಾರಿಗಳು ಕಡತವನ್ನು ಮೆಲ್ಲಗೆ ನೆಲಕ್ಕಿಟ್ಟರು. ಇಪ್ಪತ್ತೆಂಟು ವರ್ಷದಿಂದ ನೆಲ ಕುಟ್ಟಿ "ಸಾಕು ನಿಲ್ಸ್ರೋ" ಎನ್ನುತ್ತಿದ್ದ ಅಕ್ಕ ಗೋಡೆಗೆ ಒರಗಿ ನಿಂತಳು.

ಕೊನೆಯ ಸ್ವರ ಮುಗಿಯಿತು. ತಕ್ಕಡಿ ಯಂತ್ರ ನಿಲ್ಲಿಸಿ ತಲೆಯೆತ್ತಿದರೆ ಮನೆ ತುಂಬ ಜನ, ಎದುರಿಗೇ ಅಧಿಕಾರಿಗಳು.

"ಏನ್ರೀ ಇದು ಯಂತ್ರ? ಸರಿಯಾಗಿ ಕೆಲ್ಸ ಮಾಡುತ್ತಾ?" ಎಂದು ಅವರು ಬೇರೇನೂ ತೋಚದೆ ಕೇಳಿದರು.

ಅಷ್ಟೇ ಸಾಕಾಯಿತು. ಎದುರಿಗೆ ಮೇಲಧಿಕಾರಿ, ಕೈಯಲ್ಲಿ ಯಂತ್ರ, ಸರಿಯಾಗಿದೆಯೇ ಎಂಬ ಪ್ರಶ್ನೆ. ತಕ್ಕಡಿಯೊಳಗಿನ ಇನ್ಸ್‌ಪೆಕ್ಟರು ಎದ್ದು ನಿಂತ. "ಪರೀಕ್ಷೆ ಆದ್ಮೇಲೆ ಸೊನ್ನೆಗೆ ತರದೆ ಯಾವ ಯಂತ್ರಾನೂ ನಾನು ಕೆಳಗಿಟ್ಟೋನಲ್ಲ ಸಾರ್. ನೋಡಿ!" ಎಂದು ಒಂದನೆಯ ಟ್ರ್ಯಾಕಿನ ಅಳಿಸುವ ಗುಂಡಿ ಒತ್ತಿದ. ಯಂತ್ರ ಸಭ್ಯವಾದದ್ದು, "ಖಂಡಿತವೇ?" ಎಂದು ಕೇಳಿತು. "ಖಂಡಿತ" ಎಂದು ಒತ್ತಿದ. ಎರಡನೆಯದಕ್ಕೂ ಕೇಳಿತು. ಖಂಡಿತ. ಮೂರನೆಯದಕ್ಕೂ ಕೇಳಿತು. ಖಂಡಿತ. ಹುಟ್ಟಿದಾರಭ್ಯ ಒಂದು ಕೊಡೆಯ ವಿಷಯದಲ್ಲೂ ಖಂಡಿತ ಎನ್ನದ ಮನುಷ್ಯ ಅಂದು ಒಂದೇ ನಿಮಿಷದಲ್ಲಿ ಮೂರು ಸಲ ಖಂಡಿತ ಎಂದ.

ನಾಲ್ಕನೆಯದಕ್ಕೆ ಬೆರಳು ಚಾಚಿದ್ದ. ಆಗ ಬಚ್ಚಲುಮನೆ ಬಾಗಿಲು ದಡಾರನೆ ತೆರೆಯಿತು. ಮೊಳೆಯಣ್ಣ ಒಂದು ಕೈಯಲ್ಲಿ ಕೊಳಲು, ಇನ್ನೊಂದು ಕೈಯಲ್ಲಿ ತನ್ನದೇ ಒಂದು ಹಲ್ಲು ಹಿಡಿದುಕೊಂಡು, ಕಾಲಿನ ದಾರ ಮರೆತು, "ಡಾಕ್ಟ್ರೇ!" ಎಂದು ಅಡುಗೆಮನೆಯತ್ತ ಧಾವಿಸಿದ. ದಾರ ಬಿಗಿಯಿತು. ತಕ್ಕಡಿಯ ಹೆಬ್ಬೆರಳು ಮೊದಲು ಹೋಯಿತು, ಹಿಂದಿನಿಂದ ತಕ್ಕಡಿ ಹೋದ. ಅಂಗಾತ ಬಿದ್ದವನ ಪಕ್ಕದಲ್ಲಿ ಯಂತ್ರವೂ ಬಿದ್ದು, ಮುಚ್ಚಳ ಕಳಚಿ, ಬ್ಯಾಟರಿಗಳು ನಾಲ್ಕು ದಿಕ್ಕಿಗೂ ಉರುಳಿದವು.

"ಕೀಳೋ ಕೆಲ್ಸ ಒಂದು ಕಮ್ಮಿ ಆಯ್ತು. ಇನ್ನು ಊದೋದು ಬೇಡ ಅಣ್ಣಾ, ಸಾಕು" ಎಂದು ಡಾಕ್ಟರು ಮೊಳೆಯಣ್ಣನ ಬಾಯಿಗೆ ಕರವಸ್ತ್ರ ಒತ್ತುತ್ತ, "ಹೇಗೂ ರೆಕಾರ್ಡ್ ಆಯ್ತಲ್ಲ. ಕೇಳ್ಸಿ, ಕೇಳ್ಸಿ" ಎಂದರು.

ಅಳಿಸದೆ ಉಳಿದದ್ದೂ ಬ್ಯಾಟರಿಯ ಜೊತೆಗೇ ಹೋಯಿತೆಂದು ತಿಳಿದ ತಕ್ಕಡಿ ಬಿದ್ದಲ್ಲಿಂದಲೇ ಹೇಳಿದ. "ಸೊನ್ನೆ ಮಾಡ್ಬಿಟ್ಟೆ."

ಮನೆ ತುಂಬ ಇದ್ದ ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಸೋಪಿನ ಮುಖ ತೊಳೆಯಲು ಹೊರಟರು. ದರ್ಜಿ ಬಗ್ಗಿ ತಕ್ಕಡಿಯ ಹೆಬ್ಬೆರಳಿನ ದಾರ ಬಿಚ್ಚತೊಡಗಿದ. ಮೊಳೆಯಣ್ಣ ಕರವಸ್ತ್ರ ತೆಗೆದು, ಮುಂದೆ ಉಳಿದಿದ್ದ ಮೂರು ಹಲ್ಲಿನಲ್ಲೇ ನಕ್ಕ.

"ಸರಿಯಾಗಿ ಸೊನ್ನೆಗೆ ಬಂತೇನೋ?"

ಬೈದಿದ್ದರೆ ತಕ್ಕಡಿ ತಡೆದುಕೊಳ್ಳುತ್ತಿದ್ದ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಕ್ಲಿನಿಕ್ಕಿಗೆ ಹೋಗಲಿಲ್ಲ. ಆ ಕುರ್ಚಿಯ ಎದುರು ನಿಲ್ಲುವ ಮುಖ ಅವನಿಗಿರಲಿಲ್ಲ. ಹೆಂಡತಿ ಯಂತ್ರವನ್ನು ಚೀಲಕ್ಕೆ ಹಾಕಿ ಕೈಗೆ ಕೊಟ್ಟು, "ಹೋಗಿ ಅಂಗಡಿಯವನಿಗಾದ್ರೂ ತೋರ್ಸಿ. ಕೂತು ಗೋಡೆ ನೋಡಿದ್ರೆ ಬರುತ್ತಾ?" ಎಂದಳು. ಹೋಗಲೋ ಬೇಡವೋ ಎಂದು ತೂಗದೆ ತಕ್ಕಡಿ ಹೊರಟದ್ದು ಅದೇ ಮೊದಲು.

ಹದಿಮೂರನೆಯ ಸಲ ಅವನನ್ನು ಕಂಡ ಅಂಗಡಿಯವನಿಗೆ ಊಟಕ್ಕೆ ಓಡಲು ಸಮಯ ಸಿಗಲಿಲ್ಲ. ಎಲ್ಲ ಕೇಳಿಸಿಕೊಂಡು, ಬ್ಯಾಟರಿ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ.

"ಒಂದು ಖಾಲಿ. ಎರಡು ಖಾಲಿ. ಮೂರೂ ಖಾಲಿ ಸಾರ್."

ನಾಲ್ಕನೆಯದಕ್ಕೆ ಬಂದವನು ಅಲ್ಲೇ ಕಣ್ಣು ಮುಚ್ಚಿ ನಿಂತ. ಕರೆಗಂಟೆ ಕೊಳ್ಳಲು ಬಂದ ಗಿರಾಕಿ ಎರಡು ಸಲ ಕೂಗಿದರೂ ಕೈಯೆತ್ತಿ ತಡೆದ. ಬಹಳ ಹೊತ್ತಾದ ಮೇಲೆ ಹೆಡ್‌ಫೋನ್ ತೆಗೆದು ಕೇಳಿದ.

"ಇದನ್ನ ಬಚ್ಚಲಲ್ಲಿ ಮಾಡಿದ್ರಾ ಸಾರ್?"

ತಕ್ಕಡಿ ಕಿವಿಗೆ ಇಟ್ಟುಕೊಂಡ. ಮೊದಲು ನಲ್ಲಿ ತೊಟ್ಟಿಕ್ಕುವ ಸದ್ದು. ಆಮೇಲೆ "ಅಯ್ಯೋ, ಮೆಲ್ಲಗೆ ಎಳಿಯೋ, ಕಿತ್ತು ಬರುತ್ತೆ!" ಎಂಬ, ಹಲ್ಲಿರುವ ಬಾಯಿಯ ಸ್ಪಷ್ಟ ಮಾತು. ಆಮೇಲೆ ಕೊಳಲು. ಡೋಲಿಲ್ಲ, ಪಿಟೀಲಿಲ್ಲ, ಮ್ಯಾಂಡೊಲಿನ್ ಇಲ್ಲ. ಕೊಳಲೊಂದೇ, ಮೊದಲಿನಿಂದ ಕೊನೆಯವರೆಗೆ. ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ಕೂತು ಡೋಲು ಬಾರಿಸಿದವನು ಅದನ್ನು ಪೂರ್ತಿಯಾಗಿ ಕೇಳಿದ್ದು ಅವತ್ತೇ.

"ನಾನು ಮೊದಲನೇ ದಿನಾನೇ ಹೇಳಿದ್ನಲ್ಲ ಸಾರ್" ಎಂದ ಅಂಗಡಿಯವನು. "ಒಬ್ಬರದ್ದು ಹಾಗೇ ಇರುತ್ತೆ. ಅದನ್ನ ಕೇಳ್ತಾ ಉಳಿದವರು ಯಾವಾಗ ಬೇಕಾದ್ರೂ ಸೇರಿಸ್ಬಹುದು."

ತಕ್ಕಡಿ ಗಾಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಕರೆಗಂಟೆಯ ಗಿರಾಕಿ ಇಲ್ಲಿ ಯಾರಿಗೋ ಕೆಟ್ಟ ಸುದ್ದಿ ಬಂದಿದೆ ಎಂದುಕೊಂಡು ಸದ್ದಿಲ್ಲದೆ ಹೊರಟುಹೋದ.

ಅಲ್ಲಿಂದ ಅವನು ಕ್ಲಿನಿಕ್ಕಿಗೆ ಓಡಿದ. ಮೊಳೆಯಣ್ಣ ಬಾಯಿ ತುಂಬ ಹತ್ತಿ ಇಟ್ಟುಕೊಂಡು ಕುರ್ಚಿಗೆ ಒರಗಿದ್ದ. ತಕ್ಕಡಿ ಅವನ ಕಿವಿಗೆ ಹೆಡ್‌ಫೋನ್ ಹಾಕಿದ. ಮೊಳೆಯಣ್ಣ ಮೊದಲು ಹುಬ್ಬು ಗಂಟಿಕ್ಕಿದ. ಆಮೇಲೆ ಎದೆಯ ಮೇಲಿದ್ದ ಅವನ ಬೆರಳುಗಳು ಒಂದೊಂದಾಗಿ ಎದ್ದು, ಇಲ್ಲದ ಕೊಳಲಿನ ತೂತುಗಳನ್ನು ಮುಚ್ಚಿ ತೆರೆಯತೊಡಗಿದವು. ಡಾಕ್ಟರು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕೈ ತೊಳೆದರು.

ಈಗಲೂ ಭಾನುವಾರ ಮಧ್ಯಾಹ್ನ ನಾಲ್ವರೂ ಹಿಂದಿನ ಕೋಣೆಯಲ್ಲೇ ಸೇರುತ್ತಾರೆ, ಮೊಣಕಾಲಿಗೆ ಮೊಣಕಾಲು ತಾಗಿಸಿ. ರೆಕಾರ್ಡರು ನಡುವೆ ಸ್ಟೂಲಿನ ಮೇಲಿರುತ್ತದೆ. ದರ್ಜಿ ಅದಕ್ಕೆ ಕೋಟಿನ ಬಟ್ಟೆಯಲ್ಲಿ ಒಂದು ಗವಸು ಹೊಲಿದಿದ್ದಾನೆ. ಪ್ರತಿ ಗುಂಡಿಗೂ ಒಂದೊಂದು ಕಾಜ ಬಿಟ್ಟಿದ್ದಾನೆ, ಅಳಿಸುವ ಗುಂಡಿಯೊಂದನ್ನು ಬಿಟ್ಟು. ಅಲ್ಲಿ ಮೂರು ಪದರ ಬಟ್ಟೆ, ಎರಡು ಸಾಲು ಹೊಲಿಗೆ. ಯಂತ್ರ ಕೊಳಲು ನುಡಿಸುತ್ತದೆ, ಮೂವರು ಅದರ ಜೊತೆ ನುಡಿಸುತ್ತಾರೆ. ಉಳಿದ ಮೂರು ಟ್ರ್ಯಾಕು ತುಂಬಿಸುವುದು ಇನ್ನೂ ಆಗಿಲ್ಲ. ಮೊದಲು ಯಾರದ್ದು ತುಂಬಿಸಬೇಕೆಂದು ತಕ್ಕಡಿ ಯೋಚಿಸುತ್ತಿದ್ದಾನೆ. ಮೊಳೆಯಣ್ಣ ಹೊಸ ಹಲ್ಲು ಹಾಕಿಕೊಂಡು, ತನ್ನ ಜಾಗದಲ್ಲೇ ಕೂತು, ಯಂತ್ರದೊಳಗಿನ ತನ್ನದೇ ಕೊಳಲಿಗೆ ದೊಡ್ಡ ವಿದ್ವಾಂಸನಂತೆ ತಪ್ಪು ಹಿಡಿಯುತ್ತಾನೆ.

"ಎರಡನೇ ಶುತ್ತಲ್ಲಿ ಅವನು ಶ್ವಲ್ಪ ಓಡ್ತಾನೆ. ಅವನಿಗೆ ಹೇಳ್ರೋ."

"ನಾವು ಹೇಳಿದ್ರೆ ಎಲ್ಲಿ ಕೇಳ್ತಾನೆ? ಮೊದಲಿಂದಲೂ ಹಾಗೇ" ಎನ್ನುತ್ತಾನೆ ತಕ್ಕಡಿ.

ದಾರದ ಅಗತ್ಯ ಈಗ ಯಾರಿಗೂ ಇಲ್ಲ. ಆದರೂ ತಕ್ಕಡಿ ಕೂರುವ ಮೊದಲು ಒಂದೇ ಒಂದು ಎಳೆಯನ್ನು ತನ್ನ ಹೆಬ್ಬೆರಳಿಗೂ ಮೊಳೆಯಣ್ಣನ ಹೆಬ್ಬೆರಳಿಗೂ ಕಟ್ಟುತ್ತಾನೆ. ಯಾಕೆ ಎಂದು ಯಾರೂ ಕೇಳಿಲ್ಲ. 'ನಮ್ದು' ಮುಗಿಯುತ್ತದೆ, ನಲ್ಲಿಯ ಕೊನೆಯ ಹನಿ ಬೀಳುತ್ತದೆ, ಯಂತ್ರ ನಿಲ್ಲುತ್ತದೆ. ಆಮೇಲೆ ತಕ್ಕಡಿಯ ಕಾಲ ಬೆರಳನ್ನು ಆ ಕಡೆಯಿಂದ ಯಾರೋ ಮೆಲ್ಲಗೆ ಜಗ್ಗುತ್ತಾರೆ, ಮತ್ತೊಂದ್ಸಲ ಎಂದು. ತಕ್ಕಡಿ ತೂಗಿ ನೋಡುವುದಿಲ್ಲ, ಗುಂಡಿ ಒತ್ತುತ್ತಾನೆ.